ನೀರು ಬಿಡುವ ಹೊತ್ತು

ಅರ್ಜಿಗೆ ಹನ್ನೊಂದು ಸಹಿ, ಅಕ್ಷರ ಒಬ್ಬರದೇ.
"ಹನ್ನೆರಡನೇ ವಾರ್ಡಿಗೆ ಮಾತ್ರ ಬೆಳಗಿನ ಜಾವ
ಮೂರೂವರೆಗೆ ನೀರು ಬಿಡಲಾಗುತ್ತಿದೆ. ಇದು ಯಾವ ನ್ಯಾಯ?"
ಆವಕಕ್ಕೆ ಏರಿಸಿದೆ, ನಂಬರು ಕೊಟ್ಟೆ,
ನಗರಸಭೆಯ ಉರುಟು ಮೊಹರು ಒತ್ತಿದೆ.
ಆರನೆಯ ಸಹಿ ನನಗೆ ಗೊತ್ತು.
ತಿಂಗಳಿಗೊಮ್ಮೆ ಹಾಲಿನವನ ಪುಸ್ತಕದಲ್ಲಿ
ಅದೇ ಉದ್ದ ಬಾಲ, ಕೆಳಗೆ ಅವೇ ಎರಡು ಚುಕ್ಕಿ.

ಸಾಹೇಬರು ಫೈಲಿನಿಂದ ತಲೆಯೆತ್ತಲಿಲ್ಲ.
"ಎಲ್ಲರಿಗೂ ಸಮಾನ ಅಂತ ಒಂದು ಮೆಮೊ ಹಾಕಿ. ಮುಗೀತು."

ಸಮಾನ. ಟೈಪು ಮಾಡಲು ಮೂರೇ ಅಕ್ಷರ.

ಇದೇ ಕೀಲಿಮಣೆಯ ಮೇಲೆ ಭಾದ್ರಪದದಲ್ಲಿ ಬಡಿದಿದ್ದೆ:
ಗಣಪತಿ ಮುಳುಗಿಸುವ ದಿನ ರಾತ್ರಿ ಹನ್ನೊಂದರ ತನಕ ನೀರು.
ಇಗರ್ಜಿಯ ಫೆಸ್ತಿಗೆ ಎರಡು ಟ್ಯಾಂಕರು, ಬಾಡಿಗೆಯಿಲ್ಲದೆ.
ಆಗ ಯಾರೂ ನ್ಯಾಯ ಕೇಳಿಕೊಂಡು ಬಂದಿರಲಿಲ್ಲ.
ಜಟ್ಟಿ ಹರಿಕಂತ್ರನ ಮೂರೂವರೆಗೆ ಮಾತ್ರ
ಮೂವತ್ತೆರಡು ವರ್ಷದಿಂದ ಕಾಗದವೇ ಇಲ್ಲ.

ಅದೊಂದು ಬೇಸಿಗೆ, ಉಪವಾಸದ ತಿಂಗಳು.
ಕಡಲಂಚಿನ ಬಾವಿಗಳೆಲ್ಲ ಉಪ್ಪೇರಿ
ಜೈತುನಬಿ ಎಂಬವಳು ಕತ್ತಲಲ್ಲಿ ಬಿಂದಿಗೆ ಹಿಡಿದು
ವಾಲ್ವಿನ ಗುಂಡಿಯ ಹತ್ತಿರ ನಿಂತಿದ್ದಳಂತೆ.
ಅವಳು ಕೇಳಲಿಲ್ಲ. ಇವನೇ ಕೀಲಿ ತಿರುಗಿಸಿದ.
ಅಂದಿನಿಂದ ಆ ತಿಂಗಳು ಹಿಂದೆ ಹಿಂದೆ ಸರಿದು
ಚಳಿಯೊಳಗೆ ಹಾದು, ಜಡಿಮಳೆಯೊಳಗೆ ಹಾದು,
ವರ್ಷಕ್ಕೇ ಒಂದು ಸುತ್ತು ಹಾಕಿ
ಮತ್ತೆ ಸೆಕೆಗೆ ಬಂದು ಕೂತಿದೆ.
ಅವಳು ಈಗಿಲ್ಲ. ಕೀಲಿ ಅದೇ.

ಮೆಮೊ ಚಾಚಿದೆ. ಓದು ಬರದವನಲ್ಲ ಜಟ್ಟಿ, ಆದರೂ ಅಂದ:
"ನೀವೇ ಓದಿ ಅಕ್ಕೋರೇ. ನಿಮ್ಮ ಬಾಯಲ್ಲೇ ಕೇಳ್ತೆ."
ಓದಿದೆ.
"ಯಾವುದೇ ವಾರ್ಡಿಗೆ ಪ್ರತ್ಯೇಕ ಸಮಯ ಕೂಡದು."
ಬೀಡಿಯನ್ನು ಕಿವಿಗೆ ಸಿಕ್ಕಿಸಿ ತುಸು ಹೊತ್ತು ನಿಂತ.
"ಬರೋಬ್ಬರಿ ಅದೆ. ಎಲ್ಲಾರಿಗೂ ಒಂದೇ."

ಮರುದಿನ ಮೂರೂವರೆಗೆ
ಕಾರವಾರಕ್ಕೆ ಕಾರವಾರವೇ ಎದ್ದು ಕೂತಿತು.
ಕೋಡಿಬಾಗದಲ್ಲಿ, ಕಾಜುಬಾಗದಲ್ಲಿ
ಯಾರೋ ತೆರೆದೇ ಮರೆತ ನಲ್ಲಿಗಳ ಕೆಳಗೆ
ಖಾಲಿ ಬಕೆಟುಗಳ ಬೊಬ್ಬೆ.
ನಮ್ಮ ಅಂಗಳದ ನಲ್ಲಿ ಮೊದಲು ಗಾಳಿ ಕೆಮ್ಮಿತು,
ಆಮೇಲೆ ತುಕ್ಕು, ಆಮೇಲೆ ನೀರು.
ಇವರು ಲುಂಗಿ ಬಿಗಿಯುತ್ತ ಓಡಿದರು.
ಡ್ರಮ್ಮು ತುಂಬಿತು, ಹಂಡೆ ತುಂಬಿತು, ತುಳಸಿಗೂ ಒಂದು ಚೆಂಬು.
"ಈ ಹೊತ್ತಲ್ಲಿ ಎಂಥಾ ಪ್ರೆಶರು ಮಾರಾಯ್ತಿ!" ಅಂದರು,
ಅರ್ಜಿ ಮರೆತೇ ಹೋದವರಂತೆ.

ಎರಡು ದಿನ. ಮೂರನೆಯ ದಿನಕ್ಕೆ ಗುಡ್ಡದ ಟಾಕಿ ಬರಿದು.
ಜಟ್ಟಿಗೆ ಕಾರಣ ಕೇಳಿ ನೋಟೀಸು, ಅದನ್ನೂ ನಾನೇ ಬಡಿದೆ.
ಅವನ ಉತ್ತರ ಒಂದೇ ಸಾಲು: ಆದೇಶದಂತೆ ಬಿಟ್ಟಿದ್ದೇನೆ.
ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದ.
ಎರಡು ಮೊಳದ ಕಬ್ಬಿಣ,
ಹಿಡಿಯುವಲ್ಲಿ ಒಬ್ಬನದೇ ಅಂಗೈಯಷ್ಟು ಸವೆದ ತಗ್ಗು.

ಈಗ ಆರು ಗಂಟೆಗೆ ನೀರು. ಎಲ್ಲರಿಗೂ.
ಹನ್ನೆರಡನೇ ವಾರ್ಡಿನಲ್ಲಿ ಹಿಂದಿನ ದಿನವೇ ತುಂಬಿಡುತ್ತಾರಂತೆ,
ಹೇಗೋ ನಡೆಯುತ್ತದಂತೆ.
ಹೇಗೋ ಎಂಬುದಕ್ಕೆ ರಜಿಸ್ಟರಿನಲ್ಲಿ ಕಾಲಂ ಇಲ್ಲ.
ಫೈಲು ಕಟ್ಟುವಾಗ ನೋಡಿದೆ. ಮೆಮೊದ ಕೆಳಮೂಲೆಯಲ್ಲಿ
ಟೈಪು ಮಾಡಿದವರ ಚಿಕ್ಕ ಸಹಿ.
ಲೆಕ್ಕಕ್ಕೆ ಹಿಡಿದರೆ ಹನ್ನೊಂದಲ್ಲ, ಹನ್ನೆರಡು.

ಮೂರೂವರೆಗೆ ತಾನಾಗಿ ಎಚ್ಚರವಾಗುತ್ತದೆ.
ಬೈತಕೋಲದ ಕಡೆ ದೋಣಿಯೊಂದರ ಇಂಜಿನು ಗುಟುರು ಹಾಕುತ್ತದೆ,
ಪಕ್ಕದಲ್ಲಿ ಆರನೆಯ ಸಹಿ ಗೊರಕೆ ಹೊಡೆಯುತ್ತದೆ.
ಎದ್ದು ಹೋಗಿ ಅಂಗಳದ ನಲ್ಲಿಯ ಕಿವಿ ಹಿಂಡುತ್ತೇನೆ.
ಗಾಳಿ.
ಕೆಳಗಿಟ್ಟ ಬಿಂದಿಗೆಯನ್ನು ತೆಗೆಯುವುದಿಲ್ಲ.